ಮೂಲೆಯಿಂದ ಮೂಲೆಗೆ ಅಳೆದ ಸೈಟು

ಅಳತೆಯ ವಿಷಯದಲ್ಲಿ ಬಸವನಗುಡಿಯವರಿಗೆ ಟೋಪಿ ಹಾಕುವುದು ಸುಲಭವಲ್ಲ. ಪಕ್ಕದ ಮನೆಯ ಕಾಂಪೌಂಡು ಅರ್ಧ ಅಡಿ ಈಚೆ ಬಂತೆಂದು ತಾತ ಹೂಡಿದ ದಾವೆಯನ್ನು ಮೊಮ್ಮಗ ಭಕ್ತಿಯಿಂದ ನಡೆಸಿಕೊಂಡು ಹೋಗುವ ಜಾಗ ಇದು. ಕನ್ಸರ್ವೆನ್ಸಿ ಗಲ್ಲಿಯ ಮೇಲೆ ಯಾರ ಸಜ್ಜಾ ಎಷ್ಟು ಇಂಚು ಚಾಚಿದೆ ಎಂಬುದು ಇಡೀ ಅಡ್ಡರಸ್ತೆಗೆ ಬಾಯಿಪಾಠ. ಅಂಥ ಮನೆಯ ಯಜಮಾನರು ಮಾನಿಟರ್ ಕೊಳ್ಳಲು ಎಸ್.ಪಿ. ರೋಡಿಗೆ ಹೋಗುತ್ತಾರೆ. ಅಂಗಡಿ ಹುಡುಗ "ಇದು ಇಪ್ಪತ್ನಾಲ್ಕು ಸಾರ್, ಇದು ಇಪ್ಪತ್ತೇಳು, ಅದು ಮೂವತ್ತೆರಡು" ಅನ್ನುತ್ತಾನೆ. ಉದ್ದವೆಷ್ಟು, ಅಗಲವೆಷ್ಟು ಎಂದು ಇವರು ಕೇಳುವುದಿಲ್ಲ. "ಮೂವತ್ತೆರಡಕ್ಕೆ ಎಷ್ಟಾಗುತ್ತಪ್ಪಾ?" ಅಂತ ಮಾತ್ರ ಕೇಳಿ, ಫೋನ್ ತೆಗೆದು ಸ್ಕ್ಯಾನ್ ಮಾಡಲು ನಿಲ್ಲುತ್ತಾರೆ.

ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವ ಅಂಕಿ ಪರದೆಯ ಕರ್ಣದ್ದು. ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿದರೆ ಬರುವ ಇಂಚು. ಇದೇ ಲೆಕ್ಕದಲ್ಲಿ ನಮ್ಮೂರಲ್ಲಿ ಸೈಟು ಮಾರಿದ್ದರೆ ಏನಾಗುತ್ತಿತ್ತು, ನೋಡಿ. ಮೂವತ್ತು-ನಲವತ್ತರ ಸೈಟಿನ ಕರ್ಣ ಸರಿಯಾಗಿ ಐವತ್ತು ಅಡಿ. ಪೈಥಾಗೊರಸ್ ಬೆಂಗಳೂರಿಗೆಂದೇ ಲೆಕ್ಕ ಮಾಡಿಟ್ಟು ಹೋದ ಹಾಗಿದೆ. "ಐವತ್ತಡಿ ಸೈಟು" ಅಂತ ಬ್ರೋಕರು ಹೇಳುತ್ತಾನೆ, ನಿಮಗೆ 1200 ಚದರ ಅಡಿ ಸಿಗುತ್ತದೆ. ಇಲ್ಲಿಯವರೆಗೆ ಸರಿ. ಹಿಂದಿನ ಕಾಲದ ಗೂನುಬೆನ್ನಿನ ಮಾನಿಟರುಗಳ ಆಕಾರವೂ ಇದೇ ಆಗಿತ್ತು, ನಾಲ್ಕಕ್ಕೆ ಮೂರು. 640×480, 800×600, 1024×768, ಎಲ್ಲವೂ ಮೂವತ್ತು-ನಲವತ್ತರ ಸೈಟುಗಳೇ.

2008-10ರ ಸುಮಾರಿಗೆ ಟೀವಿ ಮಾಡುವವರೂ ಮಾನಿಟರ್ ಮಾಡುವವರೂ ಒಂದೇ ಗಾಜಿನ ಹಾಳೆಯಿಂದ ಇಬ್ಬರ ಪರದೆಯನ್ನೂ ಕತ್ತರಿಸುವುದು ಅಗ್ಗ ಎಂಬ ಸತ್ಯ ಕಂಡುಕೊಂಡರು. ಆಗ ಬಹುತೇಕ ಎಲ್ಲವೂ ಹದಿನಾರಕ್ಕೆ ಒಂಬತ್ತಾಯಿತು. ಅದೇ ಐವತ್ತಡಿ ಕರ್ಣ, ಆದರೆ ಸೈಟೀಗ ಹೆಚ್ಚುಕಡಿಮೆ ನಲವತ್ತಮೂರೂವರೆಗೆ ಇಪ್ಪತ್ನಾಲ್ಕೂವರೆ. ವಿಸ್ತೀರ್ಣ ಸುಮಾರು 1068 ಚದರ ಅಡಿ. ಹನ್ನೊಂದಕ್ಕೆ ಹನ್ನೆರಡರ ಒಂದು ಬೆಡ್‌ರೂಮು ಮಾಯ. ಈಗ 'ಅಲ್ಟ್ರಾವೈಡ್' ಅಂತ ಬಂದಿದೆಯಲ್ಲ, ಇಪ್ಪತ್ತೊಂದಕ್ಕೆ ಒಂಬತ್ತು, ಅದರಲ್ಲಿ 900 ಚದರ ಅಡಿ ಚಿಲ್ಲರೆ; ನಲವತ್ತಾರು ಅಡಿ ಉದ್ದ, ಇಪ್ಪತ್ತಡಿಯೂ ಇಲ್ಲದ ಅಗಲ. ಅಷ್ಟರಲ್ಲಿ ಸೆಟ್‌ಬ್ಯಾಕ್ ಬಿಟ್ಟು ಏನು ಕಟ್ಟುತ್ತೀರಿ? ಬ್ರೋಕರು ಮಾತ್ರ ಇನ್ನೂ "ಐವತ್ತಡಿ" ಎಂದೇ ಹೇಳುತ್ತಿದ್ದಾನೆ. ಅವನು ಸುಳ್ಳು ಹೇಳುತ್ತಿಲ್ಲ, ಅದೇ ಕಷ್ಟ.

ಸೂಪರ್ ಬಿಲ್ಟ್-ಅಪ್ ಏರಿಯಾ ಎಂಬ ಕಲೆ ಬಿಲ್ಡರುಗಳ ಸ್ವಂತದ್ದೆಂದು ತಿಳಿದಿದ್ದವರಿಗೆ ಒಂದು ಮಾತು. ಹಳೆಯ ಟ್ಯೂಬ್ ಕಾಲದಲ್ಲಿ ಹದಿನೇಳು ಇಂಚಿನ ಮಾನಿಟರಿನಲ್ಲಿ ಕಣ್ಣಿಗೆ ಕಾಣುತ್ತಿದ್ದದ್ದು ಹದಿನಾರರ ಆಸುಪಾಸು. ಉಳಿದದ್ದು ಪ್ಲಾಸ್ಟಿಕ್ ಚೌಕಟ್ಟಿನ ಹಿಂದೆ ಅಡಗಿರುತ್ತಿತ್ತು. ಚಪ್ಪಟೆ ಪರದೆ ಬಂದ ಮೇಲೆ ಮೋಸ ಸಣ್ಣದಾಗಿದೆ, ನಿಂತಿಲ್ಲ. ಇಪ್ಪತ್ನಾಲ್ಕು ಎಂದು ಮಾರುವುದು ಬಹುತೇಕ 23.8, ಮೂವತ್ತೆರಡು ಎಂದು ಮಾರುವುದು 31.5. ಡಬ್ಬದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ 60.45 ಸೆಂಟಿಮೀಟರ್ ಎಂದು ಪ್ರಾಮಾಣಿಕವಾಗಿ ಬರೆದಿರುತ್ತಾರೆ. ನಮ್ಮ ಜನ ಸೆಂಟಿಮೀಟರ್ ಓದುವುದಿಲ್ಲ ಎಂಬುದು ಅವರಿಗೂ ಗೊತ್ತು.

ಅಗಲ ಮಾಡುವುದೇ ಅಭಿವೃದ್ಧಿ ಎಂದು ನಂಬಿದ ನಗರ ನಮ್ಮದು, ಹಾಗಾಗಿ ಇನ್ನೊಂದು ಸಂಗತಿಯನ್ನೂ ಯಾರೂ ಗಮನಿಸಲಿಲ್ಲ. 1024×768ರ ಪರದೆ ಹೋಗಿ 1366×768ರ ಲ್ಯಾಪ್‌ಟಾಪ್ ಬಂತು. ಅಗಲಕ್ಕೆ 342 ಚುಕ್ಕಿ ಸೇರಿತು, ಎತ್ತರಕ್ಕೆ ಸೊನ್ನೆ. ಆ ಸೊನ್ನೆಯೊಳಗೇ ಮೇಲೆ ಬ್ರೌಸರಿನ ಪಟ್ಟಿ, ಕೆಳಗೆ ಟಾಸ್ಕ್‌ಬಾರು, ನಡುವೆ "ಕುಕೀಸ್ ಒಪ್ಪುತ್ತೀರಾ" ಎನ್ನುವ ಫಲಕ. ಓದುವ ವಿಷಯಕ್ಕೆ ಉಳಿದದ್ದು ಅಂಚೆಚೀಟಿಯಷ್ಟು ಜಾಗ.

ಓದುವುದು ಏನನ್ನು? ಅಂಗಡಿಯಲ್ಲಿ ಪರದೆಯ ಮೇಲೆ ಓಡುತ್ತಿರುವುದು ಗಿಳಿ. ಕೆಂಪು, ಹಳದಿ, ನೀಲಿ ರೆಕ್ಕೆಯ ದಕ್ಷಿಣ ಅಮೆರಿಕದ ಗಿಳಿ, ಆಮೇಲೆ ಜಲಪಾತ, ಆಮೇಲೆ ನಿಧಾನವಾಗಿ ಎರಡು ಹೋಳಾಗುವ ಕಿತ್ತಳೆ. ಯಜಮಾನರ ಬಾಯಿ ತೆರೆದೇ ಇರುತ್ತದೆ. "ಎಷ್ಟು ನ್ಯಾಚುರಲ್ಲಾಗಿದೆ!" ಮನೆಗೆ ತಂದ ಮೇಲೆ ಅವರು ನೋಡುವುದು ಇ-ಖಾತಾ. 2024ರಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ ಬೇಕೇ ಬೇಕೆಂದಾದ ಮೇಲಿಂದ ಹಳೇ ಬೆಂಗಳೂರಿನ ಅರ್ಧ ಜನಕ್ಕೆ ಅದೇ ಕೆಲಸ. ಅದು ಬಿಟ್ಟರೆ ಬ್ಯಾಂಕಿನ ಸ್ಟೇಟ್‌ಮೆಂಟು, ಪಿಂಚಣಿಯ ಆದೇಶ, ಮೊಮ್ಮಗಳ ಜಾತಕದ ಪಿಡಿಎಫ್ಫು, ಪತ್ರಿಕೆಯ ಇ-ಪೇಪರು. ಇವೆಲ್ಲವೂ ನಿಂತಿರುವ ಹಾಳೆಗಳು. ಪರದೆ ಮಲಗಿದೆ.

ಎ4 ಹಾಳೆಯ ಎತ್ತರ 29.7 ಸೆಂಟಿಮೀಟರ್. 23.8 ಇಂಚಿನ ಪರದೆಯ ಎತ್ತರ 29.6. ಅಂದರೆ ಪಟ್ಟಿಗಿಟ್ಟಿ ಎಲ್ಲ ತೆಗೆದರೂ ಒಂದು ಹಾಳೆ ನಿಜಗಾತ್ರದಲ್ಲಿ ಕೂದಲೆಳೆಯಲ್ಲಿ ತಪ್ಪಿಹೋಗುತ್ತದೆ. 27 ಇಂಚಿನದು 33.6, ಹಾಳೆಯೂ ಹಿಡಿಯುತ್ತದೆ, ಮೇಲಿನ ಕೆಳಗಿನ ಪಟ್ಟಿಗೂ ಜಾಗವಿದೆ. 24 ಇಂಚಿನದರಲ್ಲೇ ಹದಿನಾರಕ್ಕೆ ಹತ್ತರ ಆಕಾರದ್ದು, 1920×1200ರದ್ದು, ಹುಡುಕಿದರೆ ಸಿಗುತ್ತದೆ. ಅದರ ಎತ್ತರ 32 ದಾಟುತ್ತದೆ. ಅಂಗಡಿಯವನು ಅದನ್ನು ಮುಂದೆ ಇಡುವುದಿಲ್ಲ, ಏಕೆಂದರೆ ಅದರಲ್ಲಿ ಗಿಳಿ ಓಡಿಸಿದರೆ ಮೇಲೂ ಕೆಳಗೂ ಕಪ್ಪುಪಟ್ಟಿ ಬರುತ್ತದೆ.

ಇ-ಪೇಪರಿನ ಕಥೆ ಇನ್ನೂ ಚೆಂದ. ದಿನಪತ್ರಿಕೆಯ ಪುಟ ಅರ್ಧ ಮೀಟರಿಗಿಂತ ಎತ್ತರ. ಅದನ್ನು ಮಲಗಿದ ಪರದೆಯಲ್ಲಿ ಇಡಿಯಾಗಿ ನೋಡಿದರೆ ತಲೆಬರಹ ಬಿಟ್ಟು ಮಿಕ್ಕದ್ದು ಇರುವೆ ಸಾಲು. ಆದರೆ ಪರದೆಯನ್ನು ತೊಂಬತ್ತು ಡಿಗ್ರಿ ತಿರುಗಿಸಿ ನಿಲ್ಲಿಸಿದರೆ ಇಪ್ಪತ್ನಾಲ್ಕರ ಮಾನಿಟರ್ 52 ಸೆಂಟಿಮೀಟರಿಗಿಂತ ಎತ್ತರವಾಗುತ್ತದೆ, ಪುಟ ಹೆಚ್ಚುಕಡಿಮೆ ಮುದ್ರಣದ ಗಾತ್ರದಲ್ಲೇ ಕಾಣುತ್ತದೆ. ತಿರುಗುವ ಸ್ಟ್ಯಾಂಡಿಗೆ ಸ್ವಲ್ಪ ಹೆಚ್ಚು ಕೊಟ್ಟರಾಯಿತು. ಮಲ್ಲೇಶ್ವರದಲ್ಲಿ ಒಂದೇ ಒಂದು ಮನೆಯಲ್ಲಿ ಹೀಗೆ ಕಂಡೆ, ಬಂದವರೆಲ್ಲ "ಬಿದ್ದುಹೋಯ್ತಾ?" ಎಂದು ಕೇಳುತ್ತಾರಂತೆ.

ಇನ್ನು ರೆಸಲ್ಯೂಷನ್. ಇಲ್ಲಿ ಪ್ರವೇಶಿಸುವುದು ಅಮೆರಿಕದ ಮಗ. ವಿಡಿಯೋ ಕರೆಯಲ್ಲಿ "ಅಪ್ಪಾ, 4ಕೆಗಿಂತ ಕಡಿಮೆ ತಗೋಬೇಡಿ" ಎಂದು ಅಪ್ಪಣೆ ಕೊಡುತ್ತಾನೆ. ಅಪ್ಪ 3840×2160ರದ್ದು ತರುತ್ತಾರೆ. ಅಂದರೆ ಸುಮಾರು 83 ಲಕ್ಷ ಚುಕ್ಕಿ, ಮಾಮೂಲಿ ಫುಲ್ ಎಚ್‌ಡಿಯ ನಾಲ್ಕು ಪಟ್ಟು. ಅಕ್ಷರ ಸಾಸಿವೆಯಷ್ಟಾಗುತ್ತದೆ. ಪಕ್ಕದ ಮನೆಯ ಹುಡುಗ ಬಂದು ಸೆಟ್ಟಿಂಗಿನಲ್ಲಿ 200% ಹಿಗ್ಗಿಸಿ ಕೊಡುತ್ತಾನೆ. ಈಗ ಪರದೆಯಲ್ಲಿ ಹಿಡಿಯುವ ವಿಷಯ ಎಷ್ಟು? 1920×1080ರಲ್ಲಿ ಹಿಡಿಯುವಷ್ಟೇ. ಅಕ್ಷರ ನುಣುಪಾಗಿರುತ್ತದೆ ಎಂಬುದು ನಿಜ, ಆದರೆ ಆ ನುಣುಪನ್ನು ಕಾಣಲು ಕಣ್ಣು ಬೇಕು. ಅರವತ್ತು ಸೆಂಟಿಮೀಟರ್ ದೂರದಿಂದ ಒಳ್ಳೆಯ ಕಣ್ಣು ಇಂಚಿಗೆ ಸುಮಾರು 145 ಚುಕ್ಕಿಯವರೆಗೆ ಬಿಡಿಬಿಡಿಯಾಗಿ ಗುರುತಿಸುತ್ತದೆ. ಅದಕ್ಕಿಂತ ಹೆಚ್ಚಿನದರ ಲಾಭ ಇಳಿಯುತ್ತ ಹೋಗುತ್ತದೆ. 27 ಇಂಚಿನ 4ಕೆಯಲ್ಲಿ ಇಂಚಿಗೆ 163. ಪೊರೆ ಆಪರೇಷನ್ನಿಗೆ ದಿನ ನೋಡುತ್ತಿರುವವರಿಗೆ ಇದು ಮಗನ ಪ್ರೀತಿ, ಅಷ್ಟೇ.

ಇದರ ವಿರುದ್ಧದ ಮೂರ್ಖತನವೂ ಉಂಟು. ಅದೇ ಫುಲ್ ಎಚ್‌ಡಿಯನ್ನು 27 ಇಂಚಿಗೆ, ಮೂವತ್ತೆರಡಕ್ಕೆ ಎಳೆದು ಮಾರುತ್ತಾರೆ. ಇಪ್ಪತ್ನಾಲ್ಕರಲ್ಲಿ ಇಂಚಿಗೆ 92 ಇದ್ದ ಚುಕ್ಕಿ ಇಪ್ಪತ್ತೇಳರಲ್ಲಿ 82ಕ್ಕೆ, ಮೂವತ್ತೆರಡರಲ್ಲಿ 70ಕ್ಕೆ ಇಳಿಯುತ್ತದೆ. ಹೆಚ್ಚು ದುಡ್ಡು ಕೊಟ್ಟು ಒರಟು ಅಕ್ಷರ ಕೊಂಡ ಹಾಗೆ.

ಒರಟು ಅಕ್ಷರದ ಏಟು ನಿಜವಾಗಿ ಬೀಳುವುದು ಚಾಮರಾಜಪೇಟೆಯಲ್ಲಿ. ಕನ್ನಡ ಸಾಹಿತ್ಯ ಪರಿಷತ್ತು ಇರುವ ಈ ಪೇಟೆಯ ಸುತ್ತಮುತ್ತ ಇನ್ನೂ ಡಿಟಿಪಿ ಅಂಗಡಿಗಳಿವೆ. ಲಗ್ನಪತ್ರಿಕೆ, ಅಭಿನಂದನ ಗ್ರಂಥ, ವೈಕುಂಠ ಸಮಾರಾಧನೆಯ ಕಾರ್ಡು ಎಲ್ಲವೂ ಅಲ್ಲಿಯೇ ಮೊದಲು ಪರದೆಯ ಮೇಲೆ ಹುಟ್ಟುವುದು. ಹನ್ನೆರಡು ಪಾಯಿಂಟಿನ ಅಕ್ಷರಕ್ಕೆ ಮಾಮೂಲಿ ಪರದೆಯಲ್ಲಿ ಸಿಗುವುದು ಎತ್ತರಕ್ಕೆ 16 ಚುಕ್ಕಿ. ಇಂಗ್ಲಿಷಿನ ಅಕ್ಷರ ಅಷ್ಟರಲ್ಲಿ ಕಾಲು ಚಾಚಿ ಮಲಗುತ್ತದೆ. ನಮ್ಮ 'ಷ್ಟ್ರೀ' ನೋಡಿ: ಷಕಾರ, ತಲೆಯ ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಟಕಾರದ ಒತ್ತು, ಅದರ ಜೊತೆಗೆ ರಕಾರದ ಒತ್ತು. ಒಂದು ಕೋಣೆಯಲ್ಲಿ ಅವಿಭಕ್ತ ಕುಟುಂಬ. ಧಕಾರಕ್ಕೂ ದಕಾರಕ್ಕೂ, ಫಕಾರಕ್ಕೂ ಪಕಾರಕ್ಕೂ ಇರುವ ವ್ಯತ್ಯಾಸ ಹೊಟ್ಟೆಯ ಕೆಳಗಿನ ಒಂದು ಸೀಳು. ಆ ಸೀಳಿಗೆ ಸಿಗುವುದು ಒಂದು ಚುಕ್ಕಿ, ಅದೂ ಬೂದುಬಣ್ಣದ್ದು. ಧನಲಕ್ಷ್ಮಿ ದನಲಕ್ಷ್ಮಿಯಾದರೂ ಕರಡು ತಿದ್ದುವವರ ಕಣ್ಣಿಗೆ ಬೀಳುವುದಿಲ್ಲ, ಸಾವಿರ ಪ್ರತಿ ಅಚ್ಚಾಗಿ ಬೀಗರ ಮನೆ ತಲುಪಿದ ಮೇಲೆ ಬೀಳುತ್ತದೆ. ಮಹಾಪ್ರಾಣ ಬೇಡವೆಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಪುಸ್ತಕಗಳನ್ನೇ ಬರೆದು ವಾದಿಸಿದರು, ಪಂಡಿತರು ಅಷ್ಟೇ ಜೋರಾಗಿ ಜಗಳಕ್ಕೆ ನಿಂತರು. ಅಗ್ಗದ ಮಾನಿಟರ್ ಯಾರನ್ನೂ ಕೇಳದೆ ಕೆಲಸ ಮುಗಿಸುತ್ತಿದೆ.

ಹಾಗೆಂದು ಡಿಟಿಪಿಯವನು 4ಕೆ ಕೊಂಡರೆ? ಅವನ ಕೈಯಲ್ಲಿರುವುದು ಕನ್ನಡ ಟೈಪಿಸುವ ನುಡಿ, ಪುಟ ಜೋಡಿಸುವ ಪೇಜ್‌ಮೇಕರ್. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. 4ಕೆ ಎಂಬ ಪ್ರಾಣಿಯನ್ನು ಅದು ಕಂಡಿಲ್ಲ. ವಿಂಡೋಸ್ ಅದರ ಚಿತ್ರವನ್ನು ಹಾಗೇ ಎಳೆದು ದೊಡ್ಡದು ಮಾಡುತ್ತದೆ, ಪುಟದ ಮೇಲೆ ಮಂಜು ಕವಿಯುತ್ತದೆ. ಇಮ್ಮಡಿ ದುಡ್ಡು ಕೊಟ್ಟು ಮಹಾಪ್ರಾಣವನ್ನು ಇನ್ನಷ್ಟು ಮಸುಕು ಮಾಡಿಕೊಂಡ ಭಾಗ್ಯ. ಅಲ್ಲಿ ಬದಲಾಗಬೇಕಾದದ್ದು ಮೊದಲು ತಂತ್ರಾಂಶ, ಆಮೇಲೆ ಪರದೆ. ಇದನ್ನು ಹೇಳಿದರೆ "ಪೇಜ್‌ಮೇಕರ್ ಕಲಿತ ಕೈ ಸಾರ್" ಅನ್ನುತ್ತಾರೆ. ಆ ಕೈಗೆ ನಮಸ್ಕಾರ.

ಕೊಂಡದ್ದಾಯಿತು, ಇಡುವುದೆಲ್ಲಿ? ಅಜ್ಜಿಯ ಹೊಲಿಗೆ ಯಂತ್ರದ ಮೇಜಿನ ಮೇಲೆ. ಅದರ ಆಳ ಒಂದೂವರೆ ಅಡಿ, ಸ್ಟ್ಯಾಂಡೇ ಮುಕ್ಕಾಲು ಅಡಿ ತಿನ್ನುತ್ತದೆ. ಮೂವತ್ತೆರಡರ ಪರದೆ ಎರಡೂಕಾಲು ಅಡಿ ಅಗಲ. ಮೂಗಿನ ಮುಂದೆ ಅದನ್ನಿಟ್ಟುಕೊಂಡು ಎಡಮೂಲೆಯ ಮೆನುವಿನಿಂದ ಬಲಮೂಲೆಯ ಗಡಿಯಾರಕ್ಕೆ ಕತ್ತು ತಿರುಗಿಸಿದರೆ ಫಿಸಿಯೋಥೆರಪಿಗೆ ಬೇರೆ ಹೋಗಬೇಕಿಲ್ಲ. ಎತ್ತರ ಸಾಲದೆಂದು ಕೆಳಗೆ ಪರಿಷತ್ತಿನ ನಿಘಂಟಿನ ಎರಡು ಸಂಪುಟ. ಎಂಟು ಸಂಪುಟಗಳಲ್ಲಿ ಮೊದಲ ಬಾರಿಗೆ ಎರಡು ಉಪಯೋಗಕ್ಕೆ ಬಂದವು. ಬೈಫೋಕಲ್ ಹಾಕುವವರು ಕನ್ನಡಕದ ಕೆಳಭಾಗದಿಂದ ಓದುತ್ತಾರೆ, ಅವರಿಗೆ ಪರದೆ ತಗ್ಗಿನಲ್ಲಿರಬೇಕು. ಸಾಲದ್ದಕ್ಕೆ ವಾಸ್ತುವಿನವರು ಪೂರ್ವಕ್ಕೆ ಮುಖ ಮಾಡಿ ಕೂರಲು ಹೇಳಿದ್ದಾರೆ, ಬೆನ್ನ ಹಿಂದೆ ಪಶ್ಚಿಮದ ಮಂಕಿಟಾಪ್ ಕಿಟಕಿ, ಸಂಜೆ ನಾಲ್ಕಕ್ಕೆ ಸೂರ್ಯನೇ ಬಂದು ಪರದೆಯಲ್ಲಿ ಕೂರುತ್ತಾನೆ. ಕೇಳಿದರೆ "ಮಾನಿಟರ್ ಬ್ರೈಟ್‌ನೆಸ್ ಸಾಲದು" ಅಂತ ದೂರು.

ನನ್ನ ತೀರ್ಪು ಕೇಳುವುದಾದರೆ, ಓದು-ಬರಹದ ಮನೆಗೆ 27 ಇಂಚಿನ 2560×1440 ಸಾಕು, ಇಂಚಿಗೆ 109 ಚುಕ್ಕಿ; ಮೇಜು ಚಿಕ್ಕದಾದರೆ 24ರ 1920×1200. ಕಣ್ಣು ಚುರುಕಾಗಿದ್ದು ದಿನವಿಡೀ ಕನ್ನಡದ ಕರಡು ನೋಡುವವರು, ಹೊಸ ತಂತ್ರಾಂಶವಿದ್ದರೆ, 27ರ 4ಕೆಗೆ ಧಾರಾಳವಾಗಿ ದುಡ್ಡು ಹಾಕಬಹುದು. ಅವರಿಗೆ ಹನ್ನೆರಡು ಪಾಯಿಂಟಿನ ಅಕ್ಷರಕ್ಕೆ ಹದಿನಾರರ ಬದಲು ಸುಮಾರು ಇಪ್ಪತ್ತೇಳು ಚುಕ್ಕಿ ಸಿಗುತ್ತದೆ, ಧಕಾರ ಉಸಿರಾಡುತ್ತದೆ. ಅಲ್ಟ್ರಾವೈಡನ್ನು ಷೇರುಪೇಟೆಯವರಿಗೂ ವಿಡಿಯೋ ಕತ್ತರಿಸುವವರಿಗೂ ಬಿಟ್ಟುಬಿಡಿ.

ಹೋಗುವಾಗ ಪೆನ್‌ಡ್ರೈವಿನಲ್ಲಿ ನಿಮ್ಮದೇ ಇ-ಖಾತಾದ ಪಿಡಿಎಫ್, ಒತ್ತಕ್ಷರ ದಂಡಿಯಾಗಿರುವ ಒಂದು ಪುಟ ಕನ್ನಡ, ಜೇಬಿನಲ್ಲಿ ಟೇಪು ಇರಲಿ. ಗಿಳಿಯನ್ನು ನಿಲ್ಲಿಸಿ ನಿಮ್ಮ ಪುಟಗಳನ್ನು ಹಾಕಿಸಿ, ಒಂದು ಕೈ ದೂರದಲ್ಲಿ ಕೂತು ಓದಿ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆಯಿರಿ. ಹುಡುಗ ಒಪ್ಪದಿದ್ದರೆ ಪಕ್ಕದ ಅಂಗಡಿಗೆ ನಡೆಯಿರಿ, ಎಸ್.ಪಿ. ರೋಡಿನಲ್ಲಿ ಅಂಗಡಿಗಳಿಗೇನೂ ಬರವಿಲ್ಲ.