ಇಂಬಳ ಬಳಸುವ ವಿಧಾನ

(ಬಾಳ್ಳುಪೇಟೆ ಸುತ್ತಿನ ವಿಜ್ಞಾನ ಮೇಷ್ಟ್ರುಗಳ ಉಪಯೋಗಕ್ಕಾಗಿ)

ಉದ್ದೇಶ: ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಪಾಠವನ್ನು ಉರು ಹೊಡೆಸದೆ ಮುಗಿಸುವುದು.

ಬೇಕಾಗುವ ಸಾಮಾನು: ಮಳೆಗಾಲ, ಕಾಫಿತೋಟದ ಕಾಲುದಾರಿಯಲ್ಲಿ ನಡೆದು ಬರುವ ಒಬ್ಬ ವಿದ್ಯಾರ್ಥಿ, ಕರಿಹಲಗೆ, ಸೀಮೆಸುಣ್ಣ. ಇಂಬಳವನ್ನು ಕೊಳ್ಳಬೇಕಾಗಿಲ್ಲ. ಜೂನ್‌ನಿಂದ ಸರಬರಾಜು ಉಚಿತ, ಅದೂ ನೇರ ಕಾಲಿಗೇ.

ಹಂತ 1: ಪ್ರಾರ್ಥನೆ ಮುಗಿದ ಮೇಲೆ ಯಾರ ಕಾಲುಚೀಲ ಕೆಂಪಾಗಿದೆ ನೋಡಿ. ಇಂಬಳ ಹೊಟ್ಟೆ ತುಂಬಿಸಿಕೊಂಡು ಉದುರಿ ಎಷ್ಟೋ ಹೊತ್ತಾಗಿರುತ್ತದೆ. ರಕ್ತ ಮಾತ್ರ ತೆಳ್ಳಗೆ ಇಳಿಯುತ್ತಲೇ ಇರುತ್ತದೆ. ಒರೆಸುವ ಮುನ್ನ ಕೇಳಿ: “ಬ್ಲೇಡ್ ತಾಗಿದಾಗ ಇಷ್ಟು ಹೊತ್ತು ಸುರಿದಿತ್ತೇನೋ?” ಇಲ್ಲ ಎನ್ನುತ್ತಾನೆ. ಪಾಠ ಶುರುವಾಯಿತು.

ಹಂತ 2: ಹಲಗೆಯ ಮೇಲೆ ಪರಿಕಲ್ಪನಾ ನಕ್ಷೆ ಬರೆಯಿರಿ. 1972ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೊವಾಕ್ ಮತ್ತವರ ತಂಡ, ಮಕ್ಕಳಿಗೆ ವಿಜ್ಞಾನ ಎಷ್ಟು ಅರ್ಥವಾಗಿದೆ ಎಂದು ತಿಳಿಯಲು ಹೊರಟು ರೂಪಿಸಿದ ಉಪಾಯ ಇದು. ನಿಯಮ ಒಂದೇ: ಪ್ರತಿ ಬಾಣದ ಮೇಲೂ ಒಂದು ಮಾತು ಇರಲೇಬೇಕು. ಹೀಗೆ:

ಇಂಬಳದ ಜೊಲ್ಲು – ಕಟ್ಟಿಹಾಕುತ್ತದೆ → ಥ್ರಾಂಬಿನ್
ಥ್ರಾಂಬಿನ್ – ಫೈಬ್ರಿನೋಜನ್‌ನಿಂದ ಮಾಡುತ್ತದೆ → ಫೈಬ್ರಿನ್ ಎಳೆ
ಫೈಬ್ರಿನ್ ಎಳೆ – ಬಲೆಯಾಗಿ ಹಿಡಿಯುತ್ತದೆ → ರಕ್ತಕಣ

ಮೊದಲ ಬಾಣದಲ್ಲೇ ಥ್ರಾಂಬಿನ್ ಕಟ್ಟಿಬಿದ್ದರೆ ಕೊನೆಯ ಬಲೆ ಹೆಣೆದುಕೊಳ್ಳುವುದಿಲ್ಲ. ಕಾಲುಚೀಲ ಒದ್ದೆಯಾಗಿದ್ದು ಅದಕ್ಕೇ.

ಹಂತ 3: ಇಂಬಳಕ್ಕೆ ಇವನ ಕಾಲು ಹೇಗೆ ಸಿಕ್ಕಿತು? ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರಿನ ಇಂಗಾಲದ ಡೈಆಕ್ಸೈಡ್. ಉಸಿರಿನಿಂದ ಶ್ವಾಸಕೋಶಕ್ಕೆ, ಅಲ್ಲಿಂದ ಹೃದಯಕ್ಕೆ ಬಾಣ ಎಳೆಯಿರಿ. ಹಿಂದಿನ ಬೆಂಚಿನಿಂದ ಪ್ರಶ್ನೆ ಬರುತ್ತದೆ: “ಸಾರ್, ಅದಕ್ಕೇನಾ ಸಾಲಲ್ಲಿ ಹಿಂದೆ ಬರೋರಿಗೇ ಜಾಸ್ತಿ ಹತ್ತೋದು?” ಉತ್ತರ ಹೇಳಬೇಡಿ. ನಾಳೆ ಸಾಲಿನಲ್ಲಿ ನಡೆದು ಬಂದು ಎಣಿಸಲು ಹೇಳಿ.

ಹಂತ 4: ಭಾನುವಾರ ಮಟನ್ ಅಂಗಡಿಯಿಂದ ಒಂದು ಕುರಿ ಗುಂಡಿಗೆ ತಂದು ಸೀಳಿ. ಅದಕ್ಕೂ ನಮ್ಮಂತೆ ನಾಲ್ಕೇ ಕೋಣೆ. ಎರಡು ಹೃತ್ಕುಕ್ಷಿಗಳ ಗೋಡೆಯನ್ನೂ ಮಕ್ಕಳು ಬೆರಳಲ್ಲಿ ಹಿಸುಕಿ ನೋಡಲಿ. ಬಲದ್ದು ತೆಳು, ಪಕ್ಕದ ಶ್ವಾಸಕೋಶಕ್ಕೆ ತಳ್ಳಿದರೆ ಸಾಕು. ಎಡದ್ದು ದಪ್ಪ, ಇಂಬಳ ಕಚ್ಚಿದ ಹಿಮ್ಮಡಿಯವರೆಗೂ ಅದೇ ತಳ್ಳಬೇಕು. ಪ್ರಯೋಗದ ನಂತರ ಸಾಮಗ್ರಿಯನ್ನು ತೊಳೆದು, ಮೆಣಸು ಹಾಕಿ ಹುರಿಯಬಹುದು.

ಎಚ್ಚರಿಕೆ: ಕಚ್ಚಿರುವ ಇಂಬಳವನ್ನು ಕಿತ್ತು ಎಳೆಯಬೇಡಿ. ಉದುರಿದ ಇಂಬಳದ ಮೇಲೆ ಉಪ್ಪು ಹಾಕಿದರೆ ಮೈಯ ನೀರು ಹೊರಬಂದು ಮುದುಡುತ್ತದೆ. ಅಭಿಸರಣೆಯ ಪಾಠಕ್ಕೂ ಅದೇ ಸಾಕು.

ದೋಷ ಮತ್ತು ಪರಿಹಾರ

ದೋಷ: ಎಲ್ಲ ಬಾಣದ ಮೇಲೂ ‘ಸಂಬಂಧಿಸಿದೆ’ ಎಂದೇ ಬರೆದಿದ್ದಾರೆ.
ಪರಿಹಾರ: ಗೈಡ್ ಮುಚ್ಚಿಸಿ.

ದೋಷ: ಪರೀಕ್ಷೆಯಲ್ಲಿ ಇಂಬಳದ ಪ್ರಶ್ನೆ ಬರುವುದಿಲ್ಲ ಎಂದು ಪೋಷಕರ ತಕರಾರು.
ಪರಿಹಾರ: ಹೃದಯದ ನೀಳಛೇದ ಚಿತ್ರ ಬರುತ್ತದಲ್ಲ! ಗುಂಡಿಗೆ ಹಿಸುಕಿ ನೋಡಿದವರು ಎಡಗೋಡೆಯನ್ನು ತೆಳ್ಳಗೆ ಬರೆಯುವುದಿಲ್ಲ ಎಂದು ತಿಳಿಸಿ.