ನಡುಸೀಟಿನ ನಾಡದರ್ಶನ

ಕಾರಿನಲ್ಲಿ ಐದು ಜನ ಹೊರಟರೆ ಒಬ್ಬರಿಗೆ ಹಿಂದಿನ ಸೀಟಿನ ನಡುವೆ ಕೂರುವ ಯೋಗವಿರುತ್ತದೆ. ನಮ್ಮ ಮನೆಯಲ್ಲಿ ಅದು ನನ್ನ ಜಾತಕದಲ್ಲೇ ಇದೆ. ಕಾರು ಬಾಮೈದನದು, ಓಡಿಸುವವನೂ ಅವನೇ. ಮಾವನವರಿಗೆ ಮಂಡಿನೋವು, ಕಾಲು ಚಾಚಲು ಮುಂದಿನ ಸೀಟೇ ಬೇಕು. ಹೆಂಡತಿಗೆ ಘಾಟಿ ಎಂಬ ಮಾತು ಕಿವಿಗೆ ಬಿದ್ದರೂ ವಾಂತಿ, ಹಾಗಾಗಿ ಎಡಗಡೆ ಕಿಟಕಿ. ಮಗಳಿಗೆ ರೀಲ್ಸು, ಹಾಗಾಗಿ ಬಲಗಡೆ ಕಿಟಕಿ. ಮಂಡಿ ನೋಯದ, ವಾಂತಿ ಬಾರದ, ರೀಲ್ಸು ಮಾಡದ ಆರೋಗ್ಯವಂತನಿಗೆ ನಡುವಿನ ಉಬ್ಬು. ತೊಡೆಯ ಮೇಲೆ ಚಕ್ಕುಲಿ ಡಬ್ಬ.

ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಮರವಂತೆಗೆ ಹೊರಟೆವು. ಹಾಸನದ ಮೇಲೆ ಹೋಗಿದ್ದರೆ ಬೇಗ ಮುಟ್ಟುತ್ತಿದ್ದೆವೋ ಏನೋ. ಆದರೆ ಮಾವನವರು ಇಂಜಿನಿಯರ್ ಆಗಿ ನಿವೃತ್ತರಾದವರು. ಊರು ನೋಡುವುದೆಂದರೆ ಅವರಿಗೆ ಏರಿ, ಕೋಡಿ, ಸೇತುವೆ ನೋಡುವುದು. ದಾರಿಯನ್ನು ಅವರೇ ಗೊತ್ತುಮಾಡಿದರು: ಹಿರಿಯೂರು, ಹೊಳಲ್ಕೆರೆ, ಚನ್ನಗಿರಿ, ಶಿವಮೊಗ್ಗ, ಸಾಗರ, ಸಿಗಂದೂರು, ಕೊಲ್ಲೂರು.

ಕ್ಯಾತ್ಸಂದ್ರದ ತಟ್ಟೆ ಇಡ್ಲಿಯವರೆಗೆ ಕಿಟಕಿಯ ಚಿಂತೆ ಯಾರಿಗೂ ಇರಲಿಲ್ಲ. ಶಿರಾ ದಾಟಿದ ಮೇಲೆ ಶುರುವಾಯಿತು. “ರೀ, ನವಿಲು!” ಎಂದಳು ಹೆಂಡತಿ. ಎಡಕ್ಕೆ ಬಗ್ಗಿದೆ, ಅವಳ ಮಲ್ಲಿಗೆ ದಂಡೆ ಕಾಣಿಸಿತು. “ಅಪ್ಪಾ, ಗುಡ್ಡದ ಮೇಲೆಲ್ಲ ಗಾಳಿಯಂತ್ರ!” ಎಂದಳು ಮಗಳು. ಬಲಕ್ಕೆ ಬಗ್ಗಿದೆ, ಮೊಬೈಲಿನ ಬೆನ್ನು ಕಾಣಿಸಿತು. ನನ್ನ ಪಾಲಿನ ಬಯಲುಸೀಮೆ ಎಂದರೆ ಬಾಮೈದನ ನೆತ್ತಿ. ಹೋದ ವರ್ಷ ಅಲ್ಲಲ್ಲಿ ಪೈರಿತ್ತು, ಈ ವರ್ಷ ಪೂರ್ತಿ ಬರ.

ಮಾರಿಕಣಿವೆ ಬಂತು. “ವೇದಾವತಿಗೆ ಅಡ್ಡ ಕಟ್ಟಿದ್ದು, ಅಳಿಯಂದ್ರೇ. 1907ರಲ್ಲಿ ಮುಗಿದದ್ದು. 1933ರಲ್ಲಿ ಕೋಡಿ ಬಿತ್ತು, ಆಮೇಲೆ ಬಿದ್ದದ್ದು 2022ರಲ್ಲೇ! ಎಂಬತ್ತೊಂಬತ್ತು ವರ್ಷ ಕಾಯಬೇಕಾಯ್ತು” ಎಂದರು ಮಾವ. ಕಾಯುವುದರ ಕಷ್ಟ ನನಗೆ ನೆಲಮಂಗಲದಿಂದಲೇ ಗೊತ್ತಿತ್ತು. ಎಲ್ಲರೂ ಇಳಿದರು. ನಾನು ಡಬ್ಬ ಕೆಳಗಿಟ್ಟು, ಜೋಮು ಹಿಡಿದ ಕಾಲನ್ನು ಪುಸಲಾಯಿಸಿ ಹೊರಗೆ ಬರುವಷ್ಟರಲ್ಲಿ ಬಾಮೈದ, “ಹೊರಡೋಣ ಭಾವ, ಲೇಟಾಯ್ತು” ಎಂದ.

ಚನ್ನಗಿರಿ ಸೀಮೆಯನ್ನು ಮೂಗಿನಿಂದಲೇ ನೋಡಿದೆ. ಅಡಿಕೆ ಬೇಯಿಸುವ ಕಾಲ. ಹಂಡೆಯ ಚೊಗರು ವಾಸನೆ ಬರಲು ಕಿಟಕಿ ಪಕ್ಕವೇ ಕೂರಬೇಕಿಲ್ಲವಲ್ಲ. ಮುಂದೆ ಬೋರ್ಡು ಕಂಡ ಮಗಳು “ಸೂಳೆಕೆರೆ” ಎಂದು ಗಟ್ಟಿಯಾಗಿ ಓದಿದಳು. “ಶಾಂತಿಸಾಗರ ಅನ್ನಮ್ಮ” ಎಂದರು ಮಾವ. “ಬೋರ್ಡಲ್ಲಿ ಹಾಗಿಲ್ಲ ತಾತ.” ಶಾಂತವ್ವ ಕಟ್ಟಿಸಿದಳೆಂಬ ಕಥೆಯನ್ನು ಅವರು ಎಷ್ಟು ಜೋಪಾನವಾಗಿ, ಎಷ್ಟು ಸುತ್ತುಬಳಸಿ ಹೇಳಿದರೆಂದರೆ, ಆ ದೊಡ್ಡ ಕೆರೆ ಮುಗಿದರೂ ಕಥೆ ಮುಗಿಯಲಿಲ್ಲ. ನನಗೆ ಕೆರೆ ಕಂಡದ್ದು ಮಾವನ ಕಿವಿಗೂ ಸೀಟಿನ ತಲೆದಿಂಬಿಗೂ ನಡುವಿನ ಸಂದಿಯಲ್ಲಿ, ಎರಡು ಬೆರಳಗಲ.

ಸಾಗರದಲ್ಲಿ ರಾತ್ರಿ ತಂಗಿದೆವು. ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಎಡಗಡೆ ಕಿಟಕಿಗೆ ಕೂತುಬಿಟ್ಟೆ. ಹೆಂಡತಿ ಜಗಳವಾಡಲಿಲ್ಲ. ಪ್ಲಾಸ್ಟಿಕ್ ಕವರೊಂದನ್ನು ಬಿಡಿಸಿ ನನ್ನ ಕೈಗಿಟ್ಟು, “ಘಾಟೀಲಿ ಇದನ್ನ ಹಿಡ್ಕೊಂಡಿರಿ” ಎಂದಳು. ಸರಿದು ಕೂತೆ.

ಸಿಗಂದೂರಿನ ಮೇಲೆ ಮಾತ್ರ ನನಗೆ ಭರವಸೆಯಿತ್ತು. ಹಿಂದೊಮ್ಮೆ ಬಂದಾಗ ಶರಾವತಿ ಹಿನ್ನೀರು ದಾಟಲು ಲಾಂಚ್ ಇತ್ತು. ಬಿಸಿಲಲ್ಲಿ ಕಾದು, ಕಾರನ್ನು ಲಾಂಚಿಗೆ ಹತ್ತಿಸಿ, ಎಲ್ಲರೂ ಇಳಿದು ನಿಂತಿದ್ದೆವು. ಲಾಂಚಿನಲ್ಲಿ ನಡುಸೀಟು ಇರುವುದಿಲ್ಲ! ನಾಲ್ಕೂ ಕಡೆ ನೀರು, ನಾಲ್ಕೂ ಕಡೆ ನನ್ನದೇ. ಈಗ ಅಲ್ಲಿ ಸೇತುವೆ. 2025ರ ಜುಲೈನಲ್ಲಿ ತೆರೆದದ್ದು, ಎರಡೂ ಕಾಲು ಕಿಲೋಮೀಟರಿಗಿಂತ ಉದ್ದ. ಬಾಮೈದ ಮೂರೇ ನಿಮಿಷದಲ್ಲಿ ದಾಟಿಸಿಬಿಟ್ಟ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಂದಿನಿಂದ ನೀರಿನಾಚೆ ಸಿಕ್ಕಿಕೊಂಡಿದ್ದ ತುಮರಿ ಸೀಮೆಯವರು ಹೆರಿಗೆಗೂ ಲಾಂಚ್ ಕಾಯಬೇಕಿತ್ತು. ಅವರ ಎದುರು ನನ್ನ ದುಃಖ ಹೇಳಿಕೊಳ್ಳುವಂಥದ್ದಲ್ಲ. ಆದರೂ ಆ ಸೇತುವೆಯಿಂದ ನಷ್ಟವಾದವರ ಪಟ್ಟಿ ಮಾಡಿದರೆ ನನ್ನದೊಂದು ಹೆಸರಿರಲಿ.

ನಾಗೋಡಿ ಘಾಟಿಯಲ್ಲಿ ಎಡ ತಿರುವಿಗೆ ಮಗಳ ಮೇಲೆ, ಬಲ ತಿರುವಿಗೆ ಹೆಂಡತಿಯ ಮೇಲೆ ಬೀಳುತ್ತ ಇಳಿದೆ. ಕೊಡಚಾದ್ರಿ ಯಾವ ಕಡೆಯಿತ್ತೋ ತಾಯಿ ಮೂಕಾಂಬಿಕೆಗೇ ಗೊತ್ತು. ಅವಳ ದರ್ಶನ ಮಾಡಿ, ಬೈಂದೂರಿಗೆ ಬಂದು ಹೆದ್ದಾರಿ ಹಿಡಿದೆವು. ಮುಂದೆ ನೀರು ತೊಟ್ಟಿಕ್ಕಿಸುತ್ತ ಮೀನಿನ ಲಾರಿ. “ಸಮುದ್ರ ಬಂತು” ಎಂದು ಮೊದಲು ಕೂಗಿದವನು ನಾನೇ.

ಮರವಂತೆಯಲ್ಲಿ ಬಲಕ್ಕೆ ಅರಬ್ಬೀ ಸಮುದ್ರ, ಎಡಕ್ಕೆ ಸೌಪರ್ಣಿಕಾ, ನಡುವೆ ರಸ್ತೆ. “ಅಪ್ಪಾ, ಈ ಕಡೆ!” “ರೀ, ಈ ಕಡೆ!” ಎರಡು ತೋಳನ್ನೂ ಎಳೆದರು. ಕಾರು ನಿಂತದ್ದೇ ನಾಲ್ವರೂ ಮರಳಿಗೆ ಓಡಿದರು. ಮಂಡಿನೋವಿನ ಮಾವನವರೇ ಎಲ್ಲರಿಗಿಂತ ಮುಂದೆ. ನನ್ನ ಕಾಲು ಯಥಾಪ್ರಕಾರ ಜೋಮು.

ತೆರೆದಿಟ್ಟುಹೋದ ಬಲಬಾಗಿಲಲ್ಲಿ ಸಮುದ್ರ ಭೋರ್ಗರೆಯುತ್ತಿತ್ತು. ಎಡಗಿಟಕಿಯಲ್ಲಿ ನದಿ ತೆಂಗಿನ ನೆರಳು ಹೊತ್ತು ಸುಮ್ಮನಿತ್ತು. ಡಬ್ಬ ತೆರೆದು ಒಂದು ಚಕ್ಕುಲಿ ಮುರಿದೆ. “ಭಾವ, ಇಳೀರಿ!” ಎಂದು ಬಾಮೈದ ದೂರದಿಂದ ಕೈಬೀಸಿದ.

“ಕಾಲು ಜೋಮು ಕಣಯ್ಯಾ” ಎಂದೆ. ಜೋಮು ಆಗಲೇ ಬಿಟ್ಟಿತ್ತು.