ಮಡಚದ ಚೂರಿ: ಒಂದು ಮೀಮಾಂಸೆ

ಚೂರಿ ಹಿಡಿದು ಕಾಡಿಗೆ ಹೊರಡುವವರಲ್ಲಿ ಎರಡು ಮತ: ಮಡಚುವ ಚೂರಿಯವರದೊಂದು, ಮಡಚದ ಚೂರಿಯವರದೊಂದು. ಮಡಚುವುದು ಜೇಬಿಗೆ ಹಿತ ಎಂಬುದು ಪೂರ್ವಪಕ್ಷ. ಅದಕ್ಕೆ ಖಂಡನೆ: ಕೀಲಿದ್ದಲ್ಲಿ ಸಡಿಲವುಂಟು. ಮಡಚದ ಚೂರಿಯಲ್ಲಾದರೋ ಅಲುಗಿನ ಉಕ್ಕೇ ಹಿಡಿಯೊಳಗೂ ಹೊಕ್ಕು ಕೂತಿರುತ್ತದೆ. ಬೆನ್ನಿಗೆ ಕೊರಡಿನಿಂದ ಬಡಿದು ಸೌದೆ ಸೀಳಬಹುದು. ಕೊಡಲಿ ಪಕ್ಕದಲ್ಲೇ ಬಿದ್ದಿದ್ದರೂ ಹೀಗೇ ಸೀಳತಕ್ಕದ್ದು ಎಂಬುದು ಈ ಮತದ ಆಚಾರ.

ಇನ್ನು ಉಕ್ಕಿನ ವಿಚಾರ. ನಮ್ಮ ಚೂರಿಯ ಉಕ್ಕಿನ ಹೆಸರಾದ 1095 ಎಂಬ ಬೀಜಾಕ್ಷರವನ್ನು ಬಿಡಿಸಿದರೆ, 10 ಸಾದಾ ಕಾರ್ಬನ್ ಉಕ್ಕಿನ ಗೋತ್ರ. 95 ಎಂದರೆ ಅದರೊಳಗಿನ ಕಾರ್ಬನ್ ಶೇ. 0.95ರ ಆಸುಪಾಸು. ಸ್ಟೇನ್‌ಲೆಸ್ ಎನಿಸಿಕೊಳ್ಳಲು ಕ್ರೋಮಿಯಂ ಕನಿಷ್ಠ ಶೇ. 10.5 ಬೇಕು. ಇದಕ್ಕೆ ಆ ಭಾಗ್ಯವಿಲ್ಲ. ಆದ್ದರಿಂದ ಮಸೆದರೆ ಬೇಗ ಹರಿತ, ಮರೆತರೆ ಬೇಗ ತುಕ್ಕು. ಪಂಡಿತರು ಅಲುಗಿಗೆ ವಿನೆಗರ್ ಬಳಿದು ತಾವೇ ಮೊದಲು ಕಪ್ಪಾಗಿಸಿ, ಆ ಕಪ್ಪನ್ನು ಪಟೀನ ಎಂದು ಕರೆದು, ಕೆಂಪು ತುಕ್ಕನ್ನು ಸ್ವಲ್ಪ ಕಾಲ ದೂರವಿಡುತ್ತಾರೆ.

ಕ್ಷೇತ್ರಕಾರ್ಯಕ್ಕೆಂದು ಈ ಸಂಶೋಧಕ ಸಕಲೇಶಪುರದ ಕಡೆಯ ಹೋಂಸ್ಟೇ ಒಂದರ ಹುಲ್ಲುಹಾಸಿನ ಮೇಲೆ ಡೇರೆ ಹೂಡಿದ. ಕಾಡು ಬೇಲಿಯಾಚೆ, ಬಚ್ಚಲು ಹನ್ನೆರಡು ಹೆಜ್ಜೆ. ಅಂದು ಚೂರಿಯಿಂದ ಛೇದಿಸಲ್ಪಟ್ಟವು: ಮ್ಯಾಗಿ ಪೊಟ್ಟಣ ಎರಡು, ನಿಂಬೆಹಣ್ಣು ಒಂದು. ರಸ ಒರೆಸದೆ ಚರ್ಮದ ಒರೆಗೆ ತುರುಕಿದ್ದಾಯಿತು. ರಾತ್ರಿಯಿಡೀ ಮಳೆ. ಬೆಳಿಗ್ಗೆ ಎಳೆದು ನೋಡಿದರೆ ಅಲುಗಿಗೆ ದಡಾರ ಎದ್ದಂತೆ ಕೆಂಪು ಚುಕ್ಕೆ.

ಮನೆಗೆ ಬಂದು ಅಜ್ಜಿಗೆ ತೋರಿಸಿದ. ಅವಳು ಈಳಿಗೆಮಣೆಯ ಮುಂದೆ ಕೂತು ಬಾಳೆಕಾಯಿ ಹೆಚ್ಚುತ್ತಿದ್ದಳು. "ಒರೆಸಿ, ಒಂಚೂರು ಎಣ್ಣೆ ಸವರಿ ಇಡ್ಬಾರ್ದಿತ್ತಾ ಮಗಾ?" ಎಂದು ಮತ್ತೆ ಹೆಚ್ಚತೊಡಗಿದಳು. ಅವಳ ಈಳಿಗೆಯ ಅಲುಗು ವರ್ಷಗಟ್ಟಲೆ ಮಾವಿನಕಾಯಿಯ ಹುಳಿ, ಬಾಳೆಕಾಯಿಯ ಒಗರು ಕುಡಿದು ಕಾವಲಿಯಷ್ಟು ಕಪ್ಪು. ಬಾಯಿಯ ಅಂಚಿನಲ್ಲಿ ಮಾತ್ರ ಬೆಳ್ಳಿಯ ಗೆರೆ. ಅಪ್ಪಟ ಪಟೀನ!

ಇಲ್ಲಿ ಸಿದ್ಧಾಂತವನ್ನೇ ತಿದ್ದಬೇಕಾಯಿತು. ಮಿಕ್ಕೆಲ್ಲ ಚೂರಿಗಳು ತರಕಾರಿಯ ಬಳಿಗೆ ಹೋಗುತ್ತವೆ. ಈಳಿಗೆಯ ಬಳಿಗೆ ತರಕಾರಿಯೇ ಬರುತ್ತದೆ. ಸ್ಥಿರ ಅಲುಗು ಎಂಬ ಬಿರುದು ನ್ಯಾಯವಾಗಿ ಇದಕ್ಕೇ ಸಲ್ಲಬೇಕು. ಈಳಿಗೆಮಣೆಯನ್ನು ಕಾಡಿಗೆ ಒಯ್ಯಲಾಗದಲ್ಲ ಎಂದು ಆಕ್ಷೇಪಿಸಬಹುದು. ಈ ಸಂಶೋಧಕನ ಚೂರಿಯೂ ಇದುವರೆಗೆ ಕಾಡು ಕಂಡಿಲ್ಲ.